ಸೀಟು ಕುಡಿದ ನೀರು

ಮೇ ಕೊನೆಯ ವಾರ. ಮಳೆ ಹಿಡಿಯುವ ಮೊದಲು ಬೈಕು ಒಮ್ಮೆ ತೊಳೆದು ಇಡೋಣ ಅಂತ ಅಂಗಳಕ್ಕೆ ತಂದಿದ್ದೆ. ಸೀಟಿನ ಹಿಂದಿನ ತುದಿಗೆ ಮೊಣಕೈ ಊರಿ, ಬಗ್ಗಿ ಚಕ್ರ ನೋಡುತ್ತಿದ್ದೆ. ಮೊಣಕೈ ಪಕ್ಕದಲ್ಲಿ ಹೊಲಿಗೆಯ ಸಾಲಿನಿಂದ ನೀರು ಒಸರಿತು. ಒಂದೊಂದು ತೂತಿನಿಂದ ಒಂದೊಂದು ಹನಿ. ಸಾಲಾಗಿ ಎದ್ದು ನಿಂತು, ಒಂದಕ್ಕೊಂದು ಕೂಡಿ, ಕೆಳಗೆ ಇಳಿಯಿತು. ಹಾಲು ಹಾಕದ ಚಾದ ಬಣ್ಣ. ಕೊನೆಯ ಅಡ್ಡಮಳೆ ಬಿದ್ದು ಐದು ದಿನ ಆಗಿತ್ತು. ಮೇಲೆ ರೆಕ್ಸಿನ್ ಒಣಗಿ ಬಿಸಿಲಿಗೆ ಸುಡುತ್ತಿತ್ತು. ಒಳಗೆ ಮಾತ್ರ ಐದು ದಿನದ ಹಿಂದಿನ ಮಳೆ ಹಾಗೇ ಕೂತಿತ್ತು.

ಇದು ಅಪ್ಪಯ್ಯನ ಯೆಜ್ಡಿ ರೋಡ್‌ಕಿಂಗ್. 1986ರಲ್ಲಿ ಅಡಿಕೆ ಮಾರಿದ ದುಡ್ಡಿನಲ್ಲಿ ತಂದಿದ್ದು. ಮೈಸೂರಿನ ಕಾರ್ಖಾನೆಯಲ್ಲಿ ಮೊದಲು ಜಾವಾ ಆಗಿ, 1973ರ ನಂತರ ಯೆಜ್ಡಿ ಆಗಿ ಬರುತ್ತಿದ್ದ ಗಾಡಿ. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ನಮ್ಮ ಕಡೆ ಇವತ್ತಿಗೂ ಅಲ್ಲೊಂದು ಇಲ್ಲೊಂದು ಕೊಟ್ಟಿಗೆಯಲ್ಲಿ ಈ ಗಾಡಿ ಇದೆ. ಕಿಕ್ ಹೊಡೆಯುವ ಕೋಲನ್ನೇ ಮುಂದಕ್ಕೆ ಮಡಚಿದರೆ ಗೇರಿನ ಕೋಲು ಆಗುತ್ತೆ. ಎರಡು ಸೈಲೆನ್ಸರ್. ದೇವಿಮನೆ ಘಟ್ಟ ಹತ್ತುವಾಗ ಅದರ ಸದ್ದು ಎರಡು ತಿರುವು ಆಚೆಗೇ ಕೇಳುತ್ತಿತ್ತು. ಅಪ್ಪಯ್ಯ ಹೋಗಿ ಆರು ವರ್ಷ ಆಯ್ತು. ನಾನು ವಾರಕ್ಕೊಮ್ಮೆ ಶಿರಸಿ ಪೇಟೆಗೆ ಹೋಗಿ ಬರಲು ಇದನ್ನೇ ತೆಗೆಯುತ್ತೇನೆ. ಇಂಜಿನ್ ಚೆನ್ನಾಗಿಟ್ಟುಕೊಂಡಿದ್ದೇನೆ. ಸೀಟಿನ ಕಡೆ ಮಾತ್ರ ನೋಡಿರಲಿಲ್ಲ.

ಆ ನೀರು ನೋಡಿದ ಕೂಡಲೇ ನೆನಪಾಗಿದ್ದು ಅಕ್ಕನ ಮಗ. ಅವನು ಕೆನಡಾದಲ್ಲಿದ್ದಾನೆ. ಹಿಮದ ಮೇಲೆ ಓಡಿಸುವ ಸ್ನೋಮೊಬೈಲ್ ಒಂದನ್ನು ಹಳೇದು ತಗೊಂಡಿದ್ದ. ಮುಂದೆ ಎರಡು ಹಲಗೆ, ಹಿಂದೆ ರಬ್ಬರ್ ಪಟ್ಟಾ, ಮೇಲೆ ಬೈಕಿನದೇ ಥರ ಉದ್ದ ಸೀಟು. ಫೆಬ್ರವರಿಯಲ್ಲಿ ಒಂದು ರಾತ್ರಿ ವಿಡಿಯೋ ಕಾಲ್ ಮಾಡಿದ್ದ.

"ಮಾವಾ, ಸೀಟು ಬಿಚ್ಚಿದ್ದಿ. ಒಳಗೆ ಬರೀ ಮಂಜುಗಡ್ಡೆ!"

ಫೋಮ್ ಅನ್ನು ಕ್ಯಾಮೆರಾ ಮುಂದೆ ಹಿಡಿದು ಬೆರಳಿನಿಂದ ಬಡಿದು ತೋರಿಸಿದ. ಠಕ್ ಠಕ್ ಅಂತ ಮರದ ಹಲಗೆಯ ಹಾಗೆ ಸದ್ದು. ರೆಕ್ಸಿನ್ನಿನ ಒಂದು ಸೀಳಿನಿಂದ ಕರಗಿದ ಹಿಮ ಒಳಗೆ ಇಳಿಯುತ್ತೆ. ರಾತ್ರಿ ಚಳಿಗೆ ಗಡ್ಡೆ ಕಟ್ಟುತ್ತೆ. ಕಟ್ಟುವಾಗ ಹಿಗ್ಗಿ ಸೀಳನ್ನು ಇನ್ನಷ್ಟು ದೊಡ್ಡದು ಮಾಡುತ್ತೆ. ಮರುದಿನ ಇನ್ನಷ್ಟು ನೀರು ಒಳಗೆ. ಆವತ್ತು ಕೇಳಿ ಆಶ್ಚರ್ಯ ಆಗಿತ್ತು ಅಷ್ಟೇ, ನಮಗೂ ಅದಕ್ಕೂ ಏನು ಸಂಬಂಧ ಅಂದುಕೊಂಡಿದ್ದೆ. ಅಂಗಳದಲ್ಲಿ ಮೊಣಕೈ ಒದ್ದೆ ಆದಾಗ ಗೊತ್ತಾಯ್ತು, ಇಬ್ಬರದೂ ಒಂದೇ ರೋಗ. ಅವನಲ್ಲಿ ಗಡ್ಡೆ ಕಟ್ಟುತ್ತೆ, ನಮ್ಮಲ್ಲಿ ಬೂಸಲು ಹಿಡಿಯುತ್ತೆ.

ಸೀಟು ಬಿಚ್ಚಿದೆ.

ಮೇಲಿನ ರೆಕ್ಸಿನ್ ಪೇಟೆಯ ಒಂದು ಅಂಗಡಿಯಲ್ಲಿ ಹತ್ತು ವರ್ಷದ ಹಿಂದೆ ಹಾಕಿಸಿದ್ದು. ನೋಡಲು ಚಂದ ಇರಲಿ ಅಂತ ಸೀಟಿನ ಮೇಲೆ ಆರು ಅಡ್ಡ ಹೊಲಿಗೆ ಹಾಕಿ ಪಟ್ಟೆ ಮಾಡಿದ್ದರು. ತಗಡಿನ ತಳದ ಅಂಚಿಗೆ ಸುತ್ತಲೂ ಸಣ್ಣ ಸಣ್ಣ ಹಲ್ಲು. ರೆಕ್ಸಿನ್ನನ್ನು ಆ ಹಲ್ಲಿಗೆ ಸಿಕ್ಕಿಸಿ ಮಡಚಿರುತ್ತಾರೆ. ಸ್ಕ್ರೂ ಡ್ರೈವರ್ ತುದಿಯಿಂದ ಒಂದೊಂದೇ ಹಲ್ಲು ಎಬ್ಬಿಸುತ್ತಾ ಹೋದೆ. ನಾಲ್ಕು ಹಲ್ಲು ಎಬ್ಬಿಸುವಷ್ಟರಲ್ಲೇ ಮುರಿದು ಕೈಗೆ ಬಂದವು. ಕವರ್ ಎತ್ತಿದಾಗ ಬಂದ ವಾಸನೆ ಮಳೆಗಾಲದಲ್ಲಿ ಒಣಗದೆ ಉಳಿದ ಕಂಬಳಿಯದು.

ಫೋಮ್ ಅಂಚಿನಲ್ಲಿ ಹಳದಿ ತಿರುಗಿ ಪುಡಿಪುಡಿ. ಹಿಂದಿನ ಭಾಗದಲ್ಲಿ ಕರಿ ಬೂಸಲಿನ ಚುಕ್ಕೆ. ಒಂದು ವಿಷಯ ಮಾತ್ರ ನನ್ನನ್ನು ಅಲ್ಲೇ ಕೂರಿಸಿತು. ಹಿಂದೆ ಕೂರುವ ಜಾಗದಲ್ಲಿ ಫೋಮ್ ಎಡಗಡೆಗೆ ಮಾತ್ರ ಅಮುಕಿತ್ತು. ಬಲ ಅರ್ಧ ದಪ್ಪಕ್ಕೆ ಇತ್ತು, ಎಡ ಅರ್ಧ ಎರಡು ಬೆರಳು ತಗ್ಗು. ಆಯಿ, ಅಂದರೆ ನನ್ನ ಅಮ್ಮ, ಕೂತಿದ್ದು. ಎರಡೂ ಕಾಲು ಎಡಗಡೆ ಬಿಟ್ಟು, ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಅಪ್ಪಯ್ಯನ ಹೆಗಲ ಮೇಲೆ. ಕುಮಟೆಯ ಡಾಕ್ಟರ ಹತ್ತಿರ, ಗೋಕರ್ಣಕ್ಕೆ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆಗೆ. ಆ ಅಷ್ಟೂ ತಿರುಗಾಟದ ಭಾರ ಫೋಮಿನ ಎಡಗಡೆ ಇತ್ತು.

ಅಡಿಕೆ ತೂಗುವ ಕಾಟಾದ ಮೇಲೆ ಫೋಮ್ ಇಟ್ಟೆ. ಎರಡು ಕೆಜಿ ಮುನ್ನೂರು ಗ್ರಾಂ. ನಾಲ್ಕು ದಿನ ಅಂಗಳದಲ್ಲಿ ಒಣಗಿಸಿ ಮತ್ತೆ ಇಟ್ಟೆ. ಆರುನೂರ ಐವತ್ತು ಗ್ರಾಂ. ಅಂದರೆ ನಾನು ಒಂದೂವರೆ ಲೀಟರಿಗೂ ಜಾಸ್ತಿ ನೀರಿನ ಮೇಲೆ ಕೂತು ಪೇಟೆಗೆ ಹೋಗಿ ಬರುತ್ತಿದ್ದೆ. ಪ್ಯಾಂಟು ಯಾವಾಗಲೂ ಯಾಕೆ ತಣ್ಣಗಿರುತ್ತೆ ಅಂತ ಈಗ ಗೊತ್ತಾಯ್ತು.

ತಗಡನ್ನು ಬೆಳಕಿಗೆ ಹಿಡಿದೆ. ಹಿಂದಿನ ಮೂಲೆಯಲ್ಲಿ ಕಿರುಬೆರಳು ತೂರುವಷ್ಟು ತೂತು. ಅದರ ಸುತ್ತ ನೀಲಿ. ತುಕ್ಕಿನ ಕೆಂಪಿನ ನಡುವೆ ನವಿಲಿನ ಕುತ್ತಿಗೆಯ ನೀಲಿ. ತೋಟ ಮಾಡುವವರಿಗೆ ಹೇಳಬೇಕಾಗಿಲ್ಲ, ಅದು ಮೈಲುತುತ್ತ, ತಾಮ್ರದ ಸಲ್ಫೇಟ್. ಮಳೆಗಾಲಕ್ಕೆ ಮುಂಚೆ ಅಪ್ಪಯ್ಯ ಶಿರಸಿಯ ಅಡಿಕೆ ಬೆಳೆಗಾರರ ಸಹಕಾರಿ ಸಂಘವಾದ ಟಿಎಸ್‌ಎಸ್‌ನಿಂದ ಮೈಲುತುತ್ತದ ಚೀಲ ಈ ಸೀಟಿನ ಮೇಲೇ ಕಟ್ಟಿಕೊಂಡು ಬರುತ್ತಿದ್ದ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹದ ಬಂತಾ ಅಂತ ನೋಡಲು ಅಪ್ಪಯ್ಯ ಉಜ್ಜಿದ ಕತ್ತಿಯ ತುದಿ ಅದ್ದಿ ತೆಗೆಯುತ್ತಿದ್ದ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ. ಸುಣ್ಣ ಸೇರದ ಮೈಲುತುತ್ತ ಕಬ್ಬಿಣ ತಿನ್ನುತ್ತೆ, ತಿಂದ ಜಾಗದಲ್ಲಿ ತಾಮ್ರ ಬಿಟ್ಟು ಹೋಗುತ್ತೆ. ಚೀಲದಿಂದ ಉದುರಿದ ಪುಡಿ ಹೊಲಿಗೆಯ ತೂತಿನಲ್ಲಿ ನೀರಿನ ಜೊತೆ ಇಳಿದು, ತಗಡಿನ ತಗ್ಗಿನಲ್ಲಿ ನಿಂತು, ವರ್ಷಗಟ್ಟಲೆ ಅದೇ ಕೆಲಸ ಮಾಡಿದೆ. ಸೀಟಿನ ತಳದಲ್ಲಿ ಮೂವತ್ತು ವರ್ಷದ ತೋಟದ ಕೆಲಸ ಬರೆದಿಟ್ಟ ಹಾಗಿತ್ತು.

ಹಾಗಾಗಿ ನನ್ನ ತಲೆಯಲ್ಲಿ ಪ್ರಶ್ನೆ ಬದಲಾಯ್ತು. ಹೊಸ ರೆಕ್ಸಿನ್ ಯಾವ ಬಣ್ಣ ಅನ್ನೋದು ಬಿಟ್ಟುಹೋಯಿತು. ನೀರು ಎಲ್ಲಿಂದ ಒಳಗೆ ಹೋಗುತ್ತೆ?

ರೆಕ್ಸಿನ್ ನೀರು ಬಿಡುವುದಿಲ್ಲ. ಬಟ್ಟೆಯ ಮೇಲೆ ಪಿವಿಸಿ ಲೇಪ ಅದು. ಹೊಲಿಗೆ ಬಿಡುತ್ತೆ. ಪ್ರತಿ ಹೊಲಿಗೆಯೂ ಒಂದು ತೂತು. ಹಳೇ ಕವರ್ ಹರವಿಕೊಂಡು ಸ್ಕೇಲ್ ಇಟ್ಟು ಎಣಿಸಿದೆ. ಒಂದು ಸೆಂಟಿಮೀಟರಿಗೆ ನಾಲ್ಕು ತೂತು. ಎರಡು ಬದಿಯ ಹೊಲಿಗೆ ಎಪ್ಪತ್ತು ಎಪ್ಪತ್ತು ಸೆಂಟಿಮೀಟರ್, ಚಂದಕ್ಕೆ ಹಾಕಿದ ಆರು ಅಡ್ಡ ಹೊಲಿಗೆ ಇಪ್ಪತ್ತೈದು ಇಪ್ಪತ್ತೈದು. ಒಟ್ಟು ಸಾವಿರದ ನೂರಕ್ಕೂ ಜಾಸ್ತಿ ತೂತು. ಅದೂ ಎಲ್ಲಿ? ನೀರು ನಿಲ್ಲುವ ಮೇಲ್ಭಾಗದಲ್ಲೇ. ಹೊಲಿಗೆ ಇಷ್ಟು ಒತ್ತಾಗಿದ್ದರೆ ರೆಕ್ಸಿನ್ ಅಂಚೆ ಚೀಟಿಯ ಅಂಚಿನ ಹಾಗೆ ಸೀಳಿಕೊಂಡು ಹೋಗುತ್ತೆ, ಅದು ಬೇರೆ.

ಮಲೆನಾಡಿನಲ್ಲಿ ಹುಟ್ಟಿದವರಿಗೆ ಇದರ ಉತ್ತರ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ? ಹಂಚು ಹೊದಿಸುವಾಗ ಮೇಲಿನ ಹಂಚು ಕೆಳಗಿನದರ ಮೇಲೆ ಬರುತ್ತೆ. ಜೋಡಣೆ ಇರುವುದೇ ನೀರು ಜಾರಿ ದಾಟಿ ಹೋಗುವ ಜಾಗದಲ್ಲಿ. ಸೋಗೆ ಹೊದಿಸಿದವರದೂ ಅದೇ ಲೆಕ್ಕ. ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟುವಾಗ ಹಾಳೆಯನ್ನು ಮೇಲಿನಿಂದ ಕೆಳಕ್ಕೇ ಇಳಿಸುತ್ತೇವೆ, ಗಂಟು ಅಡಿಯಲ್ಲಿ. ಸೀಟಿಗೂ ಹಾಗೇ ಮಾಡಿದರೆ ಆಯ್ತು. ಮೇಲಿನ ತುಂಡನ್ನು ಅಂಚಿನಲ್ಲೇ ನಿಲ್ಲಿಸದೆ, ಬದಿಗೆ ನಾಲ್ಕು ಬೆರಳು ಇಳಿಸಿ ಅಲ್ಲಿ ಹೊಲಿಯುವುದು. ಮೇಲೆ ಒಂದೂ ಹೊಲಿಗೆ ಇಲ್ಲ. ಪಟ್ಟೆ ಬೇಡವೇ ಬೇಡ.

ಅಕ್ಕನ ಮಗನಿಗೆ ಇದನ್ನು ಹೇಳಿದೆ. ಅವನು ಆಗಲೇ ತನ್ನದನ್ನು ಮುಗಿಸಿದ್ದ. ಅವನ ಗಾಡಿಯ ಸೀಟಿಗೆ ತಳ ಪ್ಲಾಸ್ಟಿಕ್ಕಿನದು, ಹಲ್ಲು ಇಲ್ಲ, ಸ್ಟೇಪಲ್ ಪಿನ್ ಹೊಡೆಯುವುದು. ಸಾದಾ ಪಿನ್ ಒಂದೇ ಚಳಿಗಾಲಕ್ಕೆ ತುಕ್ಕು ಹಿಡಿದು ತುಂಡಾಗುತ್ತೆ ಅಂತ ಸ್ಟೇನ್‌ಲೆಸ್ ಪಿನ್ ತರಿಸಿದ್ದ. ಚಳಿಯಲ್ಲಿ ರೆಕ್ಸಿನ್ ಎಳೆದರೆ ಹಿಗ್ಗುವುದಿಲ್ಲ, ಬಿರಿಯುತ್ತೆ. ಪಿವಿಸಿ ತಾನಾಗಿ ಗಟ್ಟಿ. ಅದನ್ನು ಮೆದು ಮಾಡಲು ಎಣ್ಣೆಯಂಥದ್ದೊಂದು ಸೇರಿಸಿರುತ್ತಾರೆ. ವರ್ಷ ಕಳೆದಂತೆ ಅದು ಹೊರಗೆ ಹೋಗುತ್ತೆ, ಚಳಿಗೆ ಇದ್ದದ್ದೂ ಬಿಗಿಯುತ್ತೆ. ಅದಕ್ಕೆ ಅವನು ಕವರನ್ನು ಮನೆಯೊಳಗೆ ಹೀಟರ್ ಹತ್ತಿರ ಒಂದು ರಾತ್ರಿ ಇಟ್ಟು, ಹೇರ್ ಡ್ರೈಯರ್ ಹಿಡಿದು ಎಳೆದನಂತೆ. 1959ರಲ್ಲಿ ಬೊಂಬಾರ್ಡಿಯರ್ ತನ್ನ ಸ್ಕೀ-ಡೂ ತಂದಮೇಲೆ ಆ ದೇಶದಲ್ಲಿ ಈ ಗಾಡಿ ಮನೆಮನೆಗೆ ಬಂತು ಅಂತ ಅವನು ಹೇಳುತ್ತಿದ್ದ. ಅಷ್ಟು ವರ್ಷದಿಂದ ಅಲ್ಲಿಯ ಜನವೂ ಗ್ಯಾರೇಜಿನಲ್ಲಿ ಕೂತು ನನ್ನ ಹಾಗೇ ಕವರ್ ಎಳೆದಿರಬೇಕು. ನನಗೆ ಅದು ಖುಷಿ ಕೊಟ್ಟಿತು.

ಸಾಮಾನಿಗೆ ಶಿರಸಿಗೆ ಹೋದೆ. ಫೋಮ್ ಕೇಳಿದರೆ ಅಂಗಡಿಯವರು ಮೊದಲು ಕೇಳುವುದು "ಡೆನ್ಸಿಟಿ ಎಷ್ಟು?" ಅಂತ. ನಲವತ್ತು ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ನಲವತ್ತು ಕೆಜಿ ತೂಗುತ್ತೆ ಅಂತ. ಕಡಿಮೆ ಡೆನ್ಸಿಟಿಯದು ಅಂಗಡಿಯಲ್ಲಿ ಒತ್ತಿ ನೋಡಿದಾಗ ಮೆತ್ತಗೆ ಹಿತವಾಗಿರುತ್ತೆ, ಆರು ತಿಂಗಳಿಗೆ ಕೂತವರ ಮೂಳೆ ತಗಡಿಗೆ ತಾಗುತ್ತೆ. ನಾನು ಅಡಿಗೆ ಚೂರು ಫೋಮ್ ಒತ್ತಿ ಮಾಡಿದ ಗಟ್ಟಿ ರೀಬಾಂಡ್ ಒಂದು ಇಂಚು, ಮೇಲೆ ನಲವತ್ತರದ್ದು ಎರಡು ಇಂಚು ತಗೊಂಡೆ. ಕರಿ ರೆಕ್ಸಿನ್ ಒಂದು ಮೀಟರ್, ನೈಲಾನ್ ದಾರ, ಎಸ್‌ಆರ್ ಗಮ್ಮು ಅನ್ನುವ ರಬ್ಬರ್ ಅಂಟು, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ. ಹತ್ತಿ ದಾರ ಬೇಡ. ನಮ್ಮ ಮಳೆಗೆ ಎರಡೇ ವರ್ಷದಲ್ಲಿ ಕೊಳೆಯುತ್ತೆ.

ಅಂದಹಾಗೆ, ರೆಕ್ಸಿನ್ ಅನ್ನೋದು ಮೊದಲು ಒಂದು ಕಂಪನಿಯ ಹೆಸರು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಎಂಬ ಊರಿನದು. ಅವರ ಬಟ್ಟೆಗೆ ಪಿವಿಸಿ ಇರಲಿಲ್ಲ, ಸೆಲ್ಯುಲೋಸ್ ನೈಟ್ರೇಟ್ ಬಳಿದು ಚರ್ಮದ ಹಾಗೆ ಗೆರೆ ಒತ್ತುತ್ತಿದ್ದರು. ಆ ಬಟ್ಟೆ ಹೋಯಿತು. ಹೆಸರು ಮಾತ್ರ ನಮ್ಮ ಬಸ್ಸಿನ ಸೀಟಿನಲ್ಲಿ, ಶಾಲೆ ಚೀಲದಲ್ಲಿ, ಅಪ್ಪಯ್ಯನ ಲೆಕ್ಕದ ಪುಸ್ತಕದ ಹೊದಿಕೆಯಲ್ಲಿ ಉಳಿದುಕೊಂಡಿತು.

ತಗಡಿನ ತೂತಿಗೆ ಪೇಟೆಯಲ್ಲಿ ತುಂಡು ಹಾಕಿಸಿ ವೆಲ್ಡ್ ಮಾಡಿಸಿದೆ. ಉಜ್ಜಿ, ರೆಡ್ ಆಕ್ಸೈಡ್ ಎರಡು ಕೈ ಬಳಿದೆ. ತಗ್ಗಿದ್ದ ಎರಡು ಮೂಲೆಯಲ್ಲಿ ಬೇಕಂತಲೇ ಸಣ್ಣ ತೂತು ಕೊರೆದೆ. ಎಷ್ಟು ಮಾಡಿದರೂ ಒಂದು ಹನಿ ಒಳಗೆ ಹೋದರೆ ಹೊರಗೆ ಬರಲು ದಾರಿ ಬೇಕು.

ಫೋಮ್ ಕತ್ತರಿಸಲು ಹ್ಯಾಕ್ಸಾ ಬ್ಲೇಡೇ ಸಾಕು, ಫ್ರೇಮ್ ಬೇಡ. ಬ್ಲೇಡನ್ನು ಒತ್ತದೆ, ಉದ್ದಕ್ಕೆ ಎಳೆಯುತ್ತಾ ಹೋಗಬೇಕು. ಒತ್ತಿದರೆ ಫೋಮ್ ಬಗ್ಗಿ ಅಂಚು ಓರೆ ಆಗುತ್ತೆ. ಗಮ್ಮನ್ನು ಎರಡೂ ಮೈಗೆ ಬಳಿದು, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಜೋಡಿಸಬೇಕು. ಹಸಿ ಇದ್ದಾಗ ಜೋಡಿಸಿದರೆ ಹಿಡಿಯುವುದಿಲ್ಲ. ಜೋಡಿಸಿದ ಮೇಲೆ ಸರಿಸಲೂ ಆಗುವುದಿಲ್ಲ, ಹಾಗಾಗಿ ಮೊದಲೇ ಗುರುತು ಹಾಕಿಕೊಂಡೆ.

ಇನ್ನು ಹೊಲಿಗೆ. ಆಯಿಯ ಉಷಾ ಮಶೀನು, ಕಾಲಿನಿಂದ ತುಳಿಯುವುದು, ಮೆತ್ತಿನ (ಅಟ್ಟದ) ಮೇಲೆ ಸೀರೆ ಹೊದ್ದು ಕೂತಿತ್ತು. ಕೆಳಗೆ ಇಳಿಸಿ ಎಣ್ಣೆ ಬಿಟ್ಟೆ. ಆಯಿ ಬಂದು ಪಕ್ಕದಲ್ಲಿ ಕೂತಳು. ಎಪ್ಪತ್ತೆಂಟು ವರ್ಷ. ಕಣ್ಣು ಮಂಜು, ಆದರೆ ಮಶೀನಿನ ಸದ್ದು ಕೇಳಿಯೇ ಏನಾಗಿದೆ ಅಂತ ಹೇಳುತ್ತಾಳೆ. ಎರಡು ಇಂಚು ಹೊಲಿದಿದ್ದೆ, ಅಷ್ಟರಲ್ಲೇ ಹೊಲಿಗೆ ಬಿಟ್ಟು ಬಿಟ್ಟು ಬೀಳತೊಡಗಿತು.

"ತಮಾ, ಸೂಜಿ ಬದಲ್ಸು. ಇದು ರವಿಕೆ ಹೊಲಿಯೋ ಸೂಜಿ. ಇದ್ರಲ್ಲಿ ಆಗ್ತಿಲ್ಲೆ."

ಹದಿನೆಂಟನೇ ನಂಬರಿನ ಸೂಜಿ ಹಾಕಿದೆ. ಆಗ ಇನ್ನೊಂದು ತೊಂದರೆ. ಮಶೀನಿನ ಕಾಲು ರೆಕ್ಸಿನ್ನಿಗೆ ಅಂಟಿಕೊಳ್ಳುತ್ತೆ, ಬಟ್ಟೆ ಮುಂದೆ ಹೋಗುವುದಿಲ್ಲ, ಒಂದೇ ಜಾಗದಲ್ಲಿ ಸೂಜಿ ಕುಟ್ಟುತ್ತೆ. ಆಯಿ ಹಳೇ ಪೇಪರಿನ ಉದ್ದ ಪಟ್ಟಿ ಹರಿದು ಕೊಟ್ಟಳು. ರೆಕ್ಸಿನ್ ಮೇಲೆ ಪೇಪರ್ ಇಟ್ಟು ಅದರ ಮೇಲೇ ಹೊಲಿ, ಆಮೇಲೆ ಹರಿದು ತೆಗೆ ಅಂದಳು. ಸೂಜಿಯನ್ನು ಆಗಾಗ ಸಾಬೂನಿಗೆ ಚುಚ್ಚಿ ತೆಗೆ ಅಂದಳು. ಎರಡೂ ಮಾಡಿದೆ. ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಹೊಲಿಗೆಯ ಉದ್ದ ನಾಲ್ಕು ಮಿಲಿಮೀಟರಿಗೆ ಇಟ್ಟಿದ್ದೆ. ಎಲ್ಲ ಸೇರಿ ನಾಲ್ಕುನೂರ ಚಿಲ್ಲರೆ ತೂತು, ಒಂದೂ ಮೇಲೆ ಇಲ್ಲ.

ಆದರೆ ಮೊದಲ ಕವರ್ ಹಾಳಾಯ್ತು. ಹಳೇ ಕವರ್ ಬಿಚ್ಚಿ ಅದನ್ನೇ ಅಚ್ಚು ಮಾಡಿ ಕತ್ತರಿಸಿದ್ದೆ. ಹತ್ತು ವರ್ಷ ಜನ ಕೂತು ಹಿಗ್ಗಿದ ರೆಕ್ಸಿನ್ ಅದು. ಹಾಕಿ ನೋಡಿದರೆ ಅಜ್ಜನ ಅಂಗಿ ಮೊಮ್ಮಗನಿಗೆ ಹಾಕಿದ ಹಾಗೆ ಜೋಲು. ಮತ್ತೆ ಪೇಟೆಗೆ ಹೋಗಿ ಇನ್ನೊಂದು ಮೀಟರ್ ತಂದೆ. ಈ ಸಲ ಹೊಸ ಫೋಮಿನ ಮೇಲೆ ಪೇಪರ್ ಹಾಸಿ, ಸೀಸದ ಕಡ್ಡಿಯಿಂದ ಅಂಚು ಗುರುತು ಮಾಡಿ, ಅದರಲ್ಲೂ ಸುತ್ತ ಅರ್ಧ ಇಂಚು ಕಮ್ಮಿ ಕತ್ತರಿಸಿದೆ. ಯಾರಾದರೂ ಮನೆಯಲ್ಲಿ ಮಾಡುವುದಿದ್ದರೆ ಇದೊಂದು ಮಾತು ನೆನಪಿಡಿ. ಹಳೇ ಕವರ್ ನೋಡಿ ಹೊಲಿಗೆ ಎಲ್ಲಿತ್ತು ಅಂತ ತಿಳಿಯಿರಿ. ಅಳತೆ ಅದರಿಂದ ತಗೊಳ್ಳಬೇಡಿ.

ಹಿಂದಿನ ಮೂಲೆಯ ತಿರುವು ಮಶೀನಿಗೆ ಬಗ್ಗಲಿಲ್ಲ. ಅಷ್ಟನ್ನು ದಬ್ಬಣ ಹಿಡಿದು ಕೈಯಲ್ಲೇ ಹೊಲಿದೆ. ದಾರಕ್ಕೆ ಜೇನುಮೇಣ ಉಜ್ಜಿಕೊಂಡಿದ್ದೆ, ತೋಟದ ಪೆಟ್ಟಿಗೆಯದೇ. ಮೇಣದ ದಾರ ತೂತನ್ನು ತುಂಬಿಕೊಂಡು ಕೂರುತ್ತೆ. ಆಮೇಲೆ ಕವರ್ ಮಗುಚಿ, ಎಲ್ಲ ಹೊಲಿಗೆಯ ಒಳಮೈಗೂ ಕರಗಿಸಿದ ಮೇಣ ಹಚ್ಚಿ, ಮೇಲೆ ರೆಕ್ಸಿನ್ನಿನ ತೆಳು ಪಟ್ಟಿ ಗಮ್ಮಿನಲ್ಲಿ ಅಂಟಿಸಿದೆ. ಇದು ಯಾರ ಕಣ್ಣಿಗೂ ಬೀಳದ ಕೆಲಸ. ಒಂದು ಇಡೀ ಮಧ್ಯಾಹ್ನ ಇದಕ್ಕೇ ಹೋಯಿತು. ಇಡೀ ಸೀಟಿನಲ್ಲಿ ನನಗೆ ಜಾಸ್ತಿ ಇಷ್ಟವಾದ ಮಧ್ಯಾಹ್ನ ಅದೇ.

ಎಳೆದು ಕೂರಿಸುವ ದಿನ ಮಳೆ ಶುರುವಾಯ್ತು. ಬಿಸಿಲಿಲ್ಲ. ಕವರ್ ಬಿಗಿ, ತಣ್ಣಗಿದ್ದರೆ ಹಿಗ್ಗುವುದಿಲ್ಲ. ಬಚ್ಚಲ ಒಲೆಯ ಮುಂದೆ ಮಣೆ ಹಾಕಿ ಕೂತೆ. ಒಲೆಯಿಂದ ಎರಡು ಮೊಳ ದೂರ ಕವರ್ ಹಿಡಿದು, ತಿರುಗಿಸಿ ತಿರುಗಿಸಿ ಕಾಯಿಸಿದೆ. ಹಪ್ಪಳ ಕೆಂಡಕ್ಕೆ ಹಿಡಿಯುವ ಹಾಗೆ, ಒಂದು ಕ್ಷಣ ಜಾಸ್ತಿ ಆದರೂ ಕೆಡುತ್ತೆ. ರೆಕ್ಸಿನ್ ಕೈಯಲ್ಲಿ ಮೆದುವಾಗಿ ಜೋತು ಬಿದ್ದಾಗ ಓಡಿ ಬಂದು ಫೋಮಿನ ಮೇಲೆ ಹಾಕಿದೆ. ಮೊದಲು ಮುಂದಿನ ಮೂತಿ, ಆಮೇಲೆ ಹಿಂದಿನ ತುದಿ, ಆಮೇಲೆ ಎರಡು ಬದಿಯ ನಡುಮಧ್ಯ. ಎಡಕ್ಕೆ ಒಂದು ಹಲ್ಲು, ಬಲಕ್ಕೆ ಒಂದು ಹಲ್ಲು. ಒಂದೇ ಬದಿ ಮುಗಿಸಿ ಇನ್ನೊಂದು ಬದಿಗೆ ಬಂದರೆ ಸುಕ್ಕು ಎಲ್ಲ ಅಲ್ಲಿಗೆ ಓಡಿ ಬಂದು ಕೂರುತ್ತೆ. ಮುರಿದ ಹಲ್ಲಿದ್ದ ಕಡೆ ತೂತು ಕೊರೆದು ಚಪ್ಪಟೆ ರಿವೆಟ್ ಹಾಕಿದೆ. ಕೈಯಲ್ಲಿ ಇಕ್ಕಳ, ಬಾಯಲ್ಲಿ ರಿವೆಟ್, ಮೊಣಕಾಲಿನ ಅಡಿ ಸೀಟು. ಎರಡು ಗಂಟೆ.

ಹಿಂದಿನ ಸೀಟಿನ ಎಡಗಡೆ ಏನು ಮಾಡುವುದು ಅಂತ ಫೋಮ್ ಕತ್ತರಿಸುವ ದಿನವೇ ಯೋಚನೆ ಬಂದಿತ್ತು. ಆ ತಗ್ಗು ಹಾಗೇ ಉಳಿಸಬೇಕು ಅಂತ ನನಗೆ ಆಸೆ. ಆಯಿಯನ್ನು ಕೇಳಿದೆ. ಅವಳು ಹಳೇ ಫೋಮಿನ ಆ ಜಾಗಕ್ಕೆ ಕೈ ಇಟ್ಟು ಒತ್ತಿ ನೋಡಿದಳು. ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

"ಅಲ್ಲಿ ಗಟ್ಟಿ ಹಾಕು ತಮಾ. ಘಟ್ಟ ಇಳಿಯಕ್ಕಾದ್ರೆ ಜಾರ್ತಿತ್ತು. ಎಂಗೆ ಹೆದ್ರಿಕೆ ಆಗ್ತಿತ್ತು."

ಮೂರು ದಶಕ ಅಲ್ಲಿ ಕೂತವಳು ಹೇಳಿದ ಮೇಲೆ ನನ್ನ ಆಸೆಗೆ ಜಾಗ ಇರಲಿಲ್ಲ. ಎಡಗಡೆ ಹೊರ ಅಂಚಿಗೆ ಮೂರು ಬೆರಳು ಅಗಲ ರೀಬಾಂಡ್ ಪಟ್ಟಿ ಸೇರಿಸಿ ಸ್ವಲ್ಪ ಎತ್ತರ ಮಾಡಿದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕೂತರೆ ಗೊತ್ತಾಗುತ್ತೆ, ಒಳಗೆ ಹಿಡಿದುಕೊಳ್ಳುತ್ತೆ. ಸೀಟು ಬೈಕಿಗೆ ಕೂರಿಸಿದ ದಿನ ಆಯಿ ಅಂಗಳದಲ್ಲೇ, ಸ್ಟ್ಯಾಂಡ್ ಹಾಕಿದ್ದ ಗಾಡಿಯ ಮೇಲೆ, ನನ್ನ ಹೆಗಲು ಹಿಡಿದು ಹತ್ತಿ ಕೂತು ನೋಡಿದಳು. "ಚೊಲೋ ಆಜು" ಅಂದಳು.

ಬೈಕಿಗೆ ಹಾಕುವ ಮೊದಲು ಸೀಟನ್ನು ಕಾಟಾದ ಮೇಲೆ ಇಟ್ಟು ತೂಕ ಬರೆದುಕೊಂಡಿದ್ದೆ. ನಾಲ್ಕು ಕೆಜಿ ಮುನ್ನೂರ ಎಂಬತ್ತು ಗ್ರಾಂ. ಜೂನ್ ಎರಡನೇ ವಾರ ಪೂರ್ತಿ ಗಾಡಿಯನ್ನು ಕೊಟ್ಟಿಗೆಗೆ ಹಾಕದೆ ಅಂಗಳದಲ್ಲೇ ಬಿಟ್ಟೆ. ಏಳು ದಿನ ಒಂದೇ ಸಮ ಹೊಡೆಯಿತು. ಎಂಟನೇ ದಿನ ಸೀಟು ತೆಗೆದು, ಮೇಲಿನ ನೀರು ಒರೆಸಿ, ಕಾಟಾದ ಮೇಲೆ ಇಟ್ಟೆ. ನಾಲ್ಕು ಕೆಜಿ ನಾಲ್ಕುನೂರ ಇಪ್ಪತ್ತು. ಹಿಂದೆ ಲೀಟರುಗಟ್ಟಲೆ ನಿಲ್ಲುತ್ತಿತ್ತು, ಈಗ ನಲವತ್ತು ಗ್ರಾಂ.

ಅಕ್ಕನ ಮಗನಿಗೆ ಫೋಟೋ ಕಳಿಸಿದೆ. "ಮಾವಾ, ಆ ನಲ್ವತ್ತು ಎಲ್ಲಿಂದ ಬಂತು?" ಅಂತ ಕೇಳಿದ. ನನಗೂ ಅದೇ ಪ್ರಶ್ನೆ. ಸೀಟು ಮಗುಚಿ ಟಾರ್ಚ್ ಹಿಡಿದು ಹುಡುಕಿದೆ. ಬಲಗಡೆ ಹಿಂದಿನ ಮೂಲೆಯಲ್ಲಿ ಕೈಹೊಲಿಗೆ ಒಂದು ತಪ್ಪಿ ಬಿಚ್ಚಿದ್ದೆ, ಆ ಖಾಲಿ ತೂತು ಹಾಗೇ ಉಳಿದಿತ್ತು. ಅದರ ಬಾಯಲ್ಲಿ ಒಂದು ಹನಿ ಇನ್ನೂ ನಿಂತಿತ್ತು. ಒರೆಸಿ, ಒಲೆಯ ಕಾವಿಗೆ ಹಿಡಿದು ಒಣಗಿಸಿ, ಕಡ್ಡಿಯ ತುದಿಯಿಂದ ಅಲ್ಲಿ ಒಂದು ತೊಟ್ಟು ಮೇಣ ಬಿಟ್ಟೆ.